ಜನರೇಟರ್ ಇತ್ತು, ಬೆಳಕು ಇರಲಿಲ್ಲ: ವಿಜಯಪುರದ ಒಂದು ಮಂಗಲ ಕಾರ್ಯಾಲಯದ ಪ್ರಕರಣ

ಸಭಾಂಗಣದಿಂದ ಊಟದ ಹಾಲ್‌ಗೆ ಇಳಿಯುವ ಜಾಗದಲ್ಲಿ ಮೂರು ಮೆಟ್ಟಿಲುಗಳಿವೆ. ಬರೀ ಮೂರು, ಒಂದೊಂದು ಆರು ಇಂಚು ಎತ್ತರ. ಮೇಲೂ ಕೆಳಗೂ ಒಂದೇ ಬಣ್ಣದ ಗ್ರಾನೈಟ್ ಇರುವುದರಿಂದ ಹಗಲು ಹೊತ್ತಿನಲ್ಲೇ ಅವು ಸರಿಯಾಗಿ ಕಾಣುವುದಿಲ್ಲ. ಏಪ್ರಿಲ್‌ನ ಒಂದು ಸಂಜೆ ಅಲ್ಲಿ ಆರತಕ್ಷತೆ ನಡೆದಿತ್ತು. ಗಾಳಿ ಮಳೆ ಬಂತು, ಕರೆಂಟ್ ಹೋಯಿತು. ಜನರೇಟರ್ ಶುರುವಾಗಿ ದೀಪ ಬರಲು ನಾಲ್ಕು ನಿಮಿಷ ಹಿಡಿಯಿತು. ಅಷ್ಟರಲ್ಲಿ, ಊಟಕ್ಕೆಂದು ಹೊರಟಿದ್ದ ಒಬ್ಬ ಅಜ್ಜಿ ಆ ಮೂರು ಮೆಟ್ಟಿಲ ಮೇಲೆ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಹಿಂದೆ ಬರುತ್ತಿದ್ದ ಇಬ್ಬರು ಅವರ ಮೇಲೇ ಬಿದ್ದರು, ಪುಣ್ಯಕ್ಕೆ ಅವರಿಗೆ ತರಚು ಗಾಯ ಅಷ್ಟೇ.

ಬೆಂಕಿ ಇರಲಿಲ್ಲ, ಹೊಗೆ ಇರಲಿಲ್ಲ, ಯಾರೂ ಗಾಬರಿಯಿಂದ ಓಡಲೂ ಇಲ್ಲ. ಬರೀ ಕತ್ತಲು ಇಷ್ಟು ಮಾಡಿತು.

ಮಾರನೇ ವಾರ ಕಾರ್ಯಾಲಯದ ಮಾಲೀಕರು ನನಗೆ ಫೋನ್ ಮಾಡಿದರು. "ಒಂದ್ಸಲ ಬಂದು ನೋಡ್ರಿ. ಎಮರ್ಜೆನ್ಸಿ ಲೈಟ್ ಹಾಕ್ಸೀವ್ರಿ, ಜನರೇಟರ್ ಐತ್ರಿ, ಆದ್ರೂ ಹಿಂಗಾತು" ಎಂದರು. ಕಟ್ಟಡ ವಿಜಯಪುರದಲ್ಲಿದೆ, ಹೆಸರು ಬರೆಯುವುದಿಲ್ಲ. ವೈರಿಂಗ್ ಪರಿಶೀಲನೆಗೆಂದು ವಿಜಯಪುರ, ಬಾಗಲಕೋಟೆ ಕಡೆ ನಾನು ಹೋದ ಬಹಳಷ್ಟು ಕಾರ್ಯಾಲಯಗಳಲ್ಲಿ ಇದೇ ಪರಿಸ್ಥಿತಿ ಇದೆ, ಒಬ್ಬರನ್ನೇ ಬೊಟ್ಟು ಮಾಡಿ ತೋರಿಸುವುದು ನ್ಯಾಯ ಅಲ್ಲ.

ಕಟ್ಟಡದ ಸ್ವರೂಪ ಮೊದಲು ಹೇಳುತ್ತೇನೆ. ನೆಲಮಹಡಿಯಲ್ಲಿ ಸಭಾಂಗಣ, ಅದರ ಹಿಂದೆ ಊಟದ ಹಾಲ್, ಅದರ ಹಿಂದೆ ಅಡುಗೆ ಮನೆ. ಮೊದಲ ಮಹಡಿಯಲ್ಲಿ ಬೀಗರು ಇಳಿದುಕೊಳ್ಳಲು 12 ರೂಮು, ನಡುವೆ ಉದ್ದನೆಯ ಓಣಿಯಂಥ ಕಾರಿಡಾರ್. ಎರಡನೇ ಮಹಡಿಯಲ್ಲಿ ಸೀಮಂತ, ಹುಟ್ಟುಹಬ್ಬಕ್ಕೆ ಕೊಡುವ ಚಿಕ್ಕ ಹಾಲ್. ಮೆಟ್ಟಿಲು ಎರಡು ಕಡೆ. ಮುಂದಿನದು ಅಗಲ, ಫೋಟೋ ತೆಗೆಸಿಕೊಳ್ಳಲು ಚೆಂದ. ಹಿಂದಿನದು ಇಕ್ಕಟ್ಟು, ಅಡುಗೆ ಮನೆ ಪಕ್ಕಕ್ಕೆ ಇಳಿಯುತ್ತದೆ. ಮೇನ್ ಪ್ಯಾನೆಲ್ ಇರುವುದು ಮುಂದಿನ ಮೆಟ್ಟಿಲ ಕೆಳಗಿನ ಚಿಕ್ಕ ಕೋಣೆಯಲ್ಲಿ. ಈ ಕೊನೆಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ಸಲ ಹಗಲು ಹೊತ್ತು ಹೋದೆ. ಮ್ಯಾನೇಜರ್ ಜೊತೆ ಒಂದೊಂದೇ ಎಮರ್ಜೆನ್ಸಿ ಲೈಟ್ ಎಣಿಸಿದೆವು. ಒಟ್ಟು 16. ಅವುಗಳಲ್ಲಿ 9 ಗೋಡೆಗೆ ಬಡಿದ ಡಬಲ್ ಹೆಡ್ ಲೈಟುಗಳು, 7 ಮನೆಯಲ್ಲಿ ಬಳಸುವ ಚಾರ್ಜಿಂಗ್ ಲೈಟುಗಳು, ಸುಮ್ನೆ ಸಾಕೆಟ್‌ಗೆ ಚುಚ್ಚಿ ನೇತುಹಾಕಿದ್ದು. ಟೆಸ್ಟ್ ಬಟನ್ ಒತ್ತಿದೆ, 11 ಹೊತ್ತಿದವು. ಉಳಿದ ಐದರಲ್ಲಿ ಎರಡರ ಸಾಕೆಟ್ ಸ್ವಿಚ್ ಯಾರೋ ಆಫ್ ಮಾಡಿದ್ದರು, ಚಾರ್ಜೇ ಇರಲಿಲ್ಲ. ಒಂದರೊಳಗೆ ಬ್ಯಾಟರಿಯೇ ಇರಲಿಲ್ಲ. ಇನ್ನೆರಡರ ಬ್ಯಾಟರಿ ಉಬ್ಬಿ ಡಬ್ಬಿಯ ಮುಚ್ಚಳ ಎದ್ದಿತ್ತು.

"ಹದ್ನಾರ್ದಾಗ ಹನ್ನೊಂದು ಹತ್ತೂದಂದ್ರ ಭಾಳ ಕೆಟ್ಟೇನಿಲ್ಲಲ್ರೀ" ಎಂದರು ಮ್ಯಾನೇಜರ್. ಅವರು ಹಾಗೆ ಅಂದುಕೊಂಡಿದ್ದರಲ್ಲಿ ತಪ್ಪಿಲ್ಲ. ಬಟನ್ ಒತ್ತಿದಾಗ ಹೊತ್ತಿದರೆ ಸರಿ ಇದೆ ಎಂದೇ ಎಲ್ಲರೂ ತಿಳಿಯುತ್ತಾರೆ, ತಪಾಸಣೆಗೆ ಬರುವ ಎಷ್ಟೋ ಜನರೂ ಅಷ್ಟೇ ನೋಡಿ ಸಹಿ ಹಾಕಿ ಹೋಗುತ್ತಾರೆ. ಆದರೆ ಆ ಬಟನ್ ಹೇಳುವುದು ಒಂದೇ ವಿಷಯ: ಈ ಕ್ಷಣಕ್ಕೆ ಬ್ಯಾಟರಿಯಲ್ಲಿ ಸ್ವಲ್ಪ ಜೀವ ಇದೆ ಅಂತ. ಎಷ್ಟು ಹೊತ್ತು ಉರಿಯುತ್ತೆ, ನೆಲದ ಮೇಲೆ ಎಷ್ಟು ಬೆಳಕು ಬೀಳುತ್ತೆ, ನಿಜವಾಗಿ ದೀಪ ಹೋದಾಗ ತಾನಾಗಿ ಹೊತ್ತುತ್ತಾ ಎಂಬ ಮೂರೂ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಅದಕ್ಕೆ ರಾತ್ರಿಯೇ ಹೋಗಬೇಕು.

ಮದುವೆ ಸೀಸನ್‌ನಲ್ಲಿ ಖಾಲಿ ರಾತ್ರಿ ಸಿಗುವುದು ಕಷ್ಟ. ಅಮಾವಾಸ್ಯೆ ದಿನ ಯಾರೂ ಬುಕ್ ಮಾಡಿರಲಿಲ್ಲ, ಅದನ್ನೇ ಹಿಡಿದೆವು. ಆಫ್ ಇದ್ದ ಎರಡು ಸಾಕೆಟ್ ಎರಡು ದಿನ ಮೊದಲೇ ಆನ್ ಮಾಡಿಸಿ, ಎಲ್ಲ ಲೈಟೂ ಪೂರ್ತಿ ಚಾರ್ಜ್ ಆಗಲಿ ಎಂದು ಬಿಟ್ಟಿದ್ದೆ. ರಾತ್ರಿ ಎಂಟಕ್ಕೆ ಶುರು ಮಾಡಿದೆವು. ನಾನು, ಮಾಲೀಕರು, ಮ್ಯಾನೇಜರ್, ಮತ್ತು ಎಲ್ಲರೂ ಕಾಕಾ ಎಂದು ಕರೆಯುವ ಕಾವಲುಗಾರರು.

ಮೇನ್ ಸ್ವಿಚ್ ನಾನು ಮೊದಲು ಮುಟ್ಟಲಿಲ್ಲ. ಮುಂದಿನ ಮೆಟ್ಟಿಲಿನ ದೀಪಗಳ ಎಂಸಿಬಿ, ಅಂದರೆ ಲೈನಿನಲ್ಲಿ ದೋಷ ಬಂದರೆ ತಾನಾಗಿ ಬೀಳುವ ಸ್ವಿಚ್, ಅದೊಂದನ್ನೇ ಇಳಿಸಿದೆ. ಮೆಟ್ಟಿಲು ಪೂರ್ತಿ ಕತ್ತಲಾಯಿತು. ಅಲ್ಲಿ ಎರಡು ಎಮರ್ಜೆನ್ಸಿ ಲೈಟ್ ಇದ್ದವು, ಎರಡೂ ಹೊತ್ತಲಿಲ್ಲ. ಮಾಲೀಕರು ಲೈಟ್ ಕೆಟ್ಟಿದೆ ಅಂದುಕೊಂಡರು. ಲೈಟ್ ಸರಿಯಾಗಿಯೇ ಇತ್ತು, ಕೊಟ್ಟ ಲೈನ್ ತಪ್ಪಿತ್ತು. ಎಮರ್ಜೆನ್ಸಿ ಲೈಟ್ ತನಗೆ ಬರುವ ಸಪ್ಲೈ ನಿಂತರೆ ಮಾತ್ರ ಹೊತ್ತುತ್ತದೆ. ಇಲ್ಲಿ ಅವೆರಡಕ್ಕೂ ಸಪ್ಲೈ ಕೊಟ್ಟಿದ್ದು ಸಾಕೆಟ್ ಲೈನಿನಿಂದ. ಮೆಟ್ಟಿಲಿನ ದೀಪ ಬೇರೆ ಎಂಸಿಬಿ, ಸಾಕೆಟ್ ಬೇರೆ ಎಂಸಿಬಿ. ದೀಪದ ಲೈನಿನಲ್ಲಿ ಶಾರ್ಟ್ ಆಗಿ ಅದೊಂದೇ ಟ್ರಿಪ್ ಆದರೆ, ಸಾಕೆಟ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ, ಎಮರ್ಜೆನ್ಸಿ ಲೈಟ್ "ಕರೆಂಟ್ ಐತಲ್ಲ" ಅಂತ ಸುಮ್ಮನೆ ಕೂರುತ್ತದೆ. ಮನುಷ್ಯ ಮಾತ್ರ ಕತ್ತಲಲ್ಲಿ ನಿಂತಿರುತ್ತಾನೆ.

ಸರಿಯಾದ ಕ್ರಮ ಏನೆಂದರೆ, ಯಾವ ಜಾಗದ ದೀಪ ಹೋದರೆ ಎಮರ್ಜೆನ್ಸಿ ಲೈಟ್ ಹೊತ್ತಬೇಕೋ, ಆ ದೀಪದ ಲೈನಿನಿಂದಲೇ ಅದಕ್ಕೆ ಫೇಸ್ (ಕರೆಂಟ್ ತರುವ ವೈರ್) ಕೊಡಬೇಕು. ಅದೂ ಸ್ವಿಚ್‌ಗಿಂತ ಮೊದಲಿನ ಡೈರೆಕ್ಟ್ ಫೇಸ್. ಇಲ್ಲದಿದ್ದರೆ ರಾತ್ರಿ ದೀಪದ ಸ್ವಿಚ್ ಆರಿಸಿದಾಗಲೆಲ್ಲ ಎಮರ್ಜೆನ್ಸಿ ಹೊತ್ತಿ ಬ್ಯಾಟರಿ ಖಾಲಿ ಮಾಡುತ್ತದೆ. ಇದು ದೊಡ್ಡ ವಿದ್ಯೆ ಏನಲ್ಲ, ಒಂದು ವೈರ್ ಎಲ್ಲಿಂದ ಎಳೆಯಬೇಕು ಎಂಬ ಪ್ರಶ್ನೆ. ಆದರೆ ಮೇನ್ ಆಫ್ ಮಾಡಿ ನೋಡುವವರಿಗೆ ಈ ತಪ್ಪು ಎಂದೂ ಕಾಣುವುದಿಲ್ಲ, ಯಾಕೆಂದರೆ ಮೇನ್ ಆಫ್ ಆದಾಗ ಸಾಕೆಟ್ ಲೈನೂ ಹೋಗಿ ಲೈಟ್ ಚೆನ್ನಾಗಿಯೇ ಹೊತ್ತುತ್ತದೆ. ಒಂದೊಂದೇ ಎಂಸಿಬಿ ಇಳಿಸಿ ನೋಡಿದರಷ್ಟೇ ಸಿಕ್ಕಿಬೀಳುತ್ತದೆ. ಈ ಕಟ್ಟಡದಲ್ಲಿ ಒಂದು ಲೈಟೂ ಸರಿಯಾದ ಲೈನಿನಲ್ಲಿ ಇರಲಿಲ್ಲ.

ಆಮೇಲೆ ಮೇನ್ ಆಫ್ ಮಾಡಿ ಗಡಿಯಾರ ನೋಡಿಕೊಂಡೆ. 13 ಲೈಟ್ ಹೊತ್ತಿದವು. ಬೆಳಕು ಅಳೆಯುವ ಲಕ್ಸ್ ಮೀಟರ್ ನೆಲದ ಮೇಲಿಟ್ಟು ನೋಡುತ್ತ ಹೋದೆ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಅಂದರೆ ಎನ್‌ಬಿಸಿ, ಅದರ ಭಾಗ 4 ಬೆಂಕಿ ಮತ್ತು ಜೀವ ರಕ್ಷಣೆಯ ಭಾಗ. ಹೊರಗೆ ಹೋಗುವ ದಾರಿಯ ನಡುಗೆರೆಯಲ್ಲಿ, ನೆಲದ ಮಟ್ಟದಲ್ಲಿ, ಕನಿಷ್ಠ 10 ಲಕ್ಸ್ ಬೆಳಕು ಬೇಕೆಂದು ಅದು ಹೇಳುತ್ತದೆ. ಹುಣ್ಣಿಮೆ ಬೆಳದಿಂಗಳು ಕಾಲು ಲಕ್ಸ್‌ನ ಆಸುಪಾಸು ಇರುತ್ತದೆ ಎಂದರೆ ಅಂದಾಜು ಸಿಗಬಹುದು. ಮುಂದಿನ ಮೆಟ್ಟಿಲಿನ ತಿರುವಿನಲ್ಲಿ 14 ಬಂತು, ಒಳ್ಳೆಯದು. ಕಾರಿಡಾರ್ ನಡುವೆ 2. ಹಿಂದಿನ ಮೆಟ್ಟಿಲಲ್ಲಿ 1ಕ್ಕಿಂತ ಕಮ್ಮಿ. ಅಜ್ಜಿ ಬಿದ್ದ ಮೂರು ಮೆಟ್ಟಿಲ ಮೇಲೆ 0.4. ಹತ್ತಿರದ ಲೈಟ್ ಅಲ್ಲಿಂದ ಒಂಬತ್ತು ಮೀಟರ್ ದೂರದಲ್ಲಿ, ವೇದಿಕೆ ಕಡೆ ಮುಖ ಮಾಡಿ ನಿಂತಿತ್ತು.

ಇಲ್ಲಿ ಕಣ್ಣಿನ ವಿಷಯವೂ ಇದೆ. ಗೋಳಗುಮ್ಮಟದ ಮೂಲೆ ಗೋಪುರದ ಮೆಟ್ಟಿಲು ಹತ್ತಿದವರಿಗೆ ಇದು ಗೊತ್ತು: ಹೊರಗಿನ ಸುಡುಬಿಸಿಲಿನಿಂದ ಒಳಗೆ ಕಾಲಿಟ್ಟ ಕೂಡಲೇ ಏನೂ ಕಾಣದು, ಗೋಡೆ ಹಿಡಿದು ಕಾಲಲ್ಲೇ ಮೆಟ್ಟಿಲು ಹುಡುಕಬೇಕು, ಸ್ವಲ್ಪ ಹೊತ್ತಾದ ಮೇಲೆ ಅದೇ ಮೆಟ್ಟಿಲು ಕಾಣತೊಡಗುತ್ತದೆ. ಆರತಕ್ಷತೆಯ ಹಾಲ್ ಕೂಡ ಹಾಗೇ, ವಿಡಿಯೋದವರ ಫೋಕಸ್ ಲೈಟಿನಲ್ಲಿ ಕಣ್ಣು ಕೋರೈಸುತ್ತಿರುತ್ತದೆ. ಅಲ್ಲಿಂದ ಒಮ್ಮೆಲೇ ಕತ್ತಲಿಗೆ ಬಿದ್ದರೆ ಮೊದಲ ಒಂದೆರಡು ನಿಮಿಷ ಬಹಳ ಕೆಟ್ಟದ್ದು. ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯ ಹತ್ತಿರ ಬೇಕು, ವಯಸ್ಸಾದವರಿಗೆ ಇನ್ನೂ ಜಾಸ್ತಿ. ಅಜ್ಜಿ ಬಿದ್ದಿದ್ದು ಆ ಮೊದಲ ನಿಮಿಷಗಳಲ್ಲಿ.

ಒಂಬತ್ತನೇ ನಿಮಿಷಕ್ಕೆ ಮೊದಲ ಲೈಟ್ ಆರಿತು. 22ನೇ ನಿಮಿಷಕ್ಕೆ ಕಾರಿಡಾರ್‌ನ ಡಬಲ್ ಹೆಡ್ ಆರಿತು. ಅರ್ಧ ಗಂಟೆಗೆ ಐದು ಉಳಿದಿದ್ದವು. 90 ನಿಮಿಷ ಮುಗಿದಾಗ ಎರಡು. ಎಷ್ಟೇ ಚಿಕ್ಕ ಕಟ್ಟಡ ಇದ್ದರೂ ಒಂದೂವರೆ ಗಂಟೆ ಬೆಳಕು ನಿಲ್ಲಬೇಕು ಎನ್ನುವುದು ಎನ್‌ಬಿಸಿ ನಿಯಮ.

ಕಾರಿಡಾರ್ ಲೈಟಿನ ಲೆಕ್ಕ ಅಲ್ಲೇ ಮಾಲೀಕರಿಗೆ ಹಾಳೆ ಮೇಲೆ ಬರೆದು ತೋರಿಸಿದೆ. ಬ್ಯಾಟರಿ 12 ವೋಲ್ಟ್, 7 ಆಂಪಿಯರ್ ಅವರ್, ಅಂದರೆ 84 ವ್ಯಾಟ್ ಅವರ್. ಎರಡು ಎಲ್‌ಇಡಿ ಸೇರಿ 20 ವ್ಯಾಟ್. ಬ್ಯಾಟರಿ ಹೊಸದಿದ್ದರೆ ಲೆಕ್ಕಕ್ಕೆ ನಾಲ್ಕು ಗಂಟೆ, ಸೋರಿಕೆ ಎಲ್ಲ ಕಳೆದರೂ ಮೂರು ಗಂಟೆ ಬರಬೇಕು. 22 ನಿಮಿಷಕ್ಕೆ ಆರಿತು ಎಂದರೆ ಅದು ಕೊಟ್ಟಿದ್ದು 7 ವ್ಯಾಟ್ ಅವರ್ ಚಿಲ್ಲರೆ. ಹತ್ತರಲ್ಲಿ ಒಂದು ಪಾಲೂ ಉಳಿದಿಲ್ಲ. ಆದರೂ ಟೆಸ್ಟ್ ಬಟನ್ ಒತ್ತಿದಾಗ ಇದೇ ಲೈಟ್ ಎಲ್ಲಕ್ಕಿಂತ ಚೆನ್ನಾಗಿ ಹೊತ್ತಿತ್ತು.

ಬ್ಯಾಟರಿ ಹೀಗೆ ಹಾಳಾಗಲು ನಮ್ಮ ಬಿಸಿಲೂ ಕಾರಣ. ಲೆಡ್ ಆಸಿಡ್ ಬ್ಯಾಟರಿಯ ಬಗ್ಗೆ ಒಂದು ಸಾಮಾನ್ಯ ಲೆಕ್ಕ ಇದೆ: 25 ಡಿಗ್ರಿ ಮೇಲೆ ಪ್ರತಿ 10 ಡಿಗ್ರಿಗೆ ಆಯುಷ್ಯ ಅರ್ಧಕ್ಕರ್ಧ ಇಳಿಯುತ್ತದೆ. ವಿಜಯಪುರದ ಏಪ್ರಿಲ್, ಮೇ ಹೇಗಿರುತ್ತದೆ ಎಂದು ಹೇಳಬೇಕಿಲ್ಲ, ಹೊರಗೇ 40 ದಾಟುತ್ತದೆ. ಎರಡನೇ ಮಹಡಿಯಲ್ಲಿ ಲೈಟುಗಳನ್ನು ಸ್ಲ್ಯಾಬ್‌ಗೆ ತಾಗಿಸಿ ಹಾಕಿದ್ದರು. ಕಾದ ಸ್ಲ್ಯಾಬ್ ರಾತ್ರಿಯವರೆಗೂ ತಣ್ಣಗಾಗುವುದಿಲ್ಲ. ಉಬ್ಬಿದ ಎರಡೂ ಬ್ಯಾಟರಿ ಅಲ್ಲಿನವೇ.

ನಡುವೆ ಇನ್ನೊಂದು ಕೆಲಸ ಮಾಡಿದೆವು. ಮ್ಯಾನೇಜರ್‌ಗೆ, ಮೊಬೈಲ್ ಜೇಬಿನಲ್ಲೇ ಇಟ್ಟುಕೊಂಡು 12ನೇ ರೂಮಿನಿಂದ ಹಿಂದಿನ ಮೆಟ್ಟಿಲಲ್ಲಿ ಹೊರಗೆ ಬನ್ನಿ ಎಂದೆ. ಆರು ವರ್ಷದಿಂದ ಅಲ್ಲೇ ಕೆಲಸ ಮಾಡುವವರು. ಕಾರಿಡಾರ್ ಕೊನೆಯಲ್ಲಿ ಮೆಟ್ಟಿಲಿನ ಬಾಗಿಲು ಎಂದು ಹಾಸಿಗೆ ಇಡುವ ಕೋಣೆಯ ಬಾಗಿಲು ತೆಗೆದರು. ಅಲ್ಲಿಂದ ಹೊರಬಂದು ಇಳಿದರೆ ಕೆಳಗೆ ಚಾನೆಲ್ ಗೇಟ್, ಅದಕ್ಕೆ ಬೀಗ. ಕೀಲಿ ಅಡುಗೆ ಕಂತ್ರಾಟುದಾರರ ಹತ್ತಿರ. ಪಾತ್ರೆ ಕಳುವಾಗುತ್ತವೆ ಅಂತ ಹಾಕಿದ್ದಂತೆ. ಮ್ಯಾನೇಜರ್ ಗೇಟ್ ಹಿಡಿದುಕೊಂಡು ನಿಂತಿದ್ದನ್ನು ನೋಡಿ ಮಾಲೀಕರು ಬಹಳ ಹೊತ್ತು ಏನೂ ಮಾತಾಡಲಿಲ್ಲ. ನನ್ನ ಲಕ್ಸ್ ಮೀಟರಿನ ಅಂಕಿಗಳಿಗಿಂತ ಅದು ಅವರಿಗೆ ಜಾಸ್ತಿ ನಾಟಿತು ಎಂದು ನನಗನಿಸಿತು.

ಆದರೂ ಅವರ ಒಂದು ವಾದ ಉಳಿದಿತ್ತು, ಅದು ತೂಕದ ವಾದವೇ. ಆವತ್ತು ನಾಲ್ಕು ನಿಮಿಷ ತಡವಾಗಿದ್ದು ಜನರೇಟರ್ ನಡೆಸುವ ಹುಡುಗ ಊಟಕ್ಕೆ ಕೂತಿದ್ದರಿಂದ. "ಆಟೋ ಪ್ಯಾನೆಲ್ ಹಾಕ್ಸಿಬಿಟ್ರ ಹತ್ತು ಸೆಕೆಂಡ್‌ನ್ಯಾಗ ಕರೆಂಟ್ ಬರ್ತೈತಲ್ರೀ. ಮತ್ತ ಈ ಲೈಟಿಗೆ ಯಾಕ ಇಷ್ಟು ರೊಕ್ಕಾ ಹಾಕೂದು?"

ಕರೆಂಟ್ ಹೋದಾಗ ಅವರ ಮಾತು ಸರಿ, ಬೆಂಕಿ ಬಿದ್ದಾಗ ಅಲ್ಲ. ಅವರನ್ನು ಪ್ಯಾನೆಲ್ ಕೋಣೆಗೆ ಕರೆದುಕೊಂಡು ಹೋದೆ. ಜನರೇಟರಿನ ಕೇಬಲ್ ಬಂದು ಸೇರುವುದೂ ಅದೇ ಪ್ಯಾನೆಲ್‌ಗೆ, ಅಲ್ಲಿಂದ ಎಲ್ಲ ಮಹಡಿಗೂ ಹೋಗುವುದು ಅವೇ ವೈರ್‌ಗಳು. ಶಾರ್ಟ್ ಸರ್ಕ್ಯೂಟ್ ಆಗಿ ಈ ಪ್ಯಾನೆಲ್ಲೇ ಹೊತ್ತಿಕೊಂಡರೆ ಜನರೇಟರ್ ಹಿಂದೆ ಎಷ್ಟೇ ಜೋರಾಗಿ ಓಡಲಿ, ಒಳಗೆ ಒಂದು ದೀಪ ಬರುವುದಿಲ್ಲ. ಬೇರೆಲ್ಲೋ ಬೆಂಕಿ ಬಿದ್ದರೂ ತಿಳಿದವರು ಮೊದಲು ಮಾಡುವ ಕೆಲಸ ಕರೆಂಟ್ ಕಡಿಯುವುದು, ಆಗ ಜನರೇಟರನ್ನೂ ನಿಲ್ಲಿಸಲೇಬೇಕು. ಅಂದರೆ ಜನರಿಗೆ ದಾರಿ ಕಾಣಲೇಬೇಕಾದ ಗಳಿಗೆಯಲ್ಲೇ ಜನರೇಟರ್ ಕೆಲಸಕ್ಕೆ ಬರದು. ಅದಕ್ಕೇ ಪ್ರತಿ ಲೈಟಿನ ಹೊಟ್ಟೆಯಲ್ಲೇ ಬ್ಯಾಟರಿ ಇರಬೇಕು ಅನ್ನುವುದು. ಮೇಲಾಗಿ ಈ ಪ್ಯಾನೆಲ್ ಇರುವುದು ಎಲ್ಲರೂ ಇಳಿದು ಬರುವ ಮುಂದಿನ ಮೆಟ್ಟಿಲ ಕೆಳಗೆ. ಹೊಗೆ ನೇರ ಆ ಮೆಟ್ಟಿಲಿಗೇ ಏರುತ್ತದೆ, ಆಗ ಜನರಿಗೆ ಉಳಿಯುವುದು ಹಿಂದಿನ ಇಕ್ಕಟ್ಟು ಮೆಟ್ಟಿಲು, ಬೀಗ ಹಾಕಿದ ಗೇಟು.

ಇದು ನನ್ನ ಕಲ್ಪನೆ ಅಲ್ಲ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಕೆಳಗಿನ ಟ್ರಾನ್ಸ್‌ಫಾರ್ಮರ್‌ನಿಂದ ಬೆಂಕಿ ಶುರುವಾಯಿತು, ಹೊಗೆ ಮೇಲೇರಿತು, ಹಾಲ್ ಕತ್ತಲಾಯಿತು, ಬಾಲ್ಕನಿಯಲ್ಲಿದ್ದವರಿಗೆ ಹೊರದಾರಿ ಕಾಣಲಿಲ್ಲ. 59 ಜನ ಸತ್ತರು. 2010ರ ಫೆಬ್ರವರಿ 23ರಂದು ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಮೆಟ್ಟಿಲುಗಳಲ್ಲಿ ಹೊಗೆ ತುಂಬಿ ಇಳಿಯಲಾಗದೆ ಕೆಲವರು ಕಿಟಕಿಯಿಂದ ಜಿಗಿದರು, 9 ಜನ ಹೋದರು. ಮಂಗಲ ಕಾರ್ಯಾಲಯವೂ ಸಿನಿಮಾ ಮಂದಿರವೂ ಎನ್‌ಬಿಸಿಯಲ್ಲಿ ಒಂದೇ ಗುಂಪು, ಜನ ಸೇರುವ ಕಟ್ಟಡಗಳ 'ಡಿ' ಗುಂಪು. ಇಷ್ಟು ಹೇಳಿದ ಮೇಲೆ ಮಾಲೀಕರು ಖರ್ಚಿನ ಮಾತು ತೆಗೆಯಲಿಲ್ಲ, "ಏನೇನ್ ಬೇಕು ಬರ್ಕೊಡ್ರಿ" ಎಂದರು.

ಬರೆದುಕೊಟ್ಟಿದ್ದು 24 ಲೈಟ್. ಸಂಖ್ಯೆಗಿಂತ ಜಾಗ ಮುಖ್ಯ. ಕಾರಿಡಾರ್ ತಿರುಗುವಲ್ಲಿ, ಪ್ರತಿ ಹೊರಬಾಗಿಲಲ್ಲಿ, ಮೆಟ್ಟಿಲಿನ ಪ್ರತಿ ಸಾಲಿಗೂ ನೇರ ಬೆಳಕು ಬೀಳುವಂತೆ, ನೆಲದ ಮಟ್ಟ ಬದಲಾಗುವಲ್ಲಿ, ಬೆಂಕಿ ಆರಿಸುವ ಸಿಲಿಂಡರ್ ಇರುವಲ್ಲಿ, ಮತ್ತು ಬಾಗಿಲಿನಿಂದ ಹೊರಬಿದ್ದ ಮೇಲೆ ಹೊರಗೂ ಒಂದು. "ಹತ್ತಿರ" ಎಂದರೆ ಅಡ್ಡಕ್ಕೆ ಅಳೆದರೆ 2 ಮೀಟರ್ ಒಳಗೆ ಎಂಬುದು ಲೆಕ್ಕ. ಆ ಮೂರು ಮೆಟ್ಟಿಲಿಗೆ ನೇರ ಮೇಲೆ ಒಂದು ಲೈಟ್ ಹಾಕಿ, ಅಂಚಿಗೆ ಹಳದಿ ಪಟ್ಟಿ ಮತ್ತು ಕತ್ತಲಲ್ಲಿ ಮಿನುಗುವ ಪಟ್ಟಿ ಅಂಟಿಸಿದೆವು. ಎಲ್ಲ ಲೈಟನ್ನೂ ಸ್ಲ್ಯಾಬ್‌ನಿಂದ ಇಳಿಸಿ ಗೋಡೆಯ ಮೇಲೆ ಏಳೂಕಾಲು ಅಡಿ ಎತ್ತರಕ್ಕೆ ತಂದೆವು. ಸಂಹಿತೆ ಹೇಳುವುದೂ ಅದನ್ನೇ, ಆದಷ್ಟು ಕೆಳಗೆ ಇರಲಿ, ಆದರೆ 2 ಮೀಟರ್‌ಗಿಂತ ಕೆಳಗೆ ಬೇಡ ಎಂದು. ಹೊಗೆ ಮೊದಲು ಸೀಲಿಂಗ್ ಹಿಡಿಯುತ್ತದೆ, ಮೇಲಿದ್ದ ಲೈಟ್ ಬೇಗ ಮುಚ್ಚಿಹೋಗುತ್ತದೆ. ಬ್ಯಾಟರಿಗೂ ಸ್ಲ್ಯಾಬ್‌ನ ಕಾವು ತಪ್ಪಿತು. ಸಾಕೆಟ್‌ಗೆ ಚುಚ್ಚುವ ಲೈಟ್ ಒಂದನ್ನೂ ಉಳಿಸಲಿಲ್ಲ. ಸಾಕೆಟ್ ಕಂಡರೆ ಮೊಬೈಲ್ ಚಾರ್ಜಿಗೆ ಕಿತ್ತೇ ಕೀಳುತ್ತಾರೆ, ಮದುವೆ ಮನೆಯಲ್ಲಿ ಯಾರನ್ನು ಬೈಯೋಕೆ ಆಗುತ್ತೆ? ಒಟ್ಟು ಖರ್ಚು ಅವರ ಒಂದು ದಿನದ ಬಾಡಿಗೆಯಷ್ಟಾಯಿತು.

ಕೆಲಸ ಮುಗಿದ ಮೇಲೆ ಖಾಲಿ ಹಾಲ್‌ನಲ್ಲಿ ಅಳೆದರೆ ಎಲ್ಲ ಕಡೆ 10 ದಾಟಿತ್ತು. ಅಲ್ಲಿಗೆ ಬಿಡಬಾರದೆಂದು ಒಂದು ಮದುವೆಯ ದಿನವೇ ಹೋಗಿ ನೋಡಿದೆ. ಡೆಕೋರೇಶನ್‌ನವರು ಗೋಡೆ ತುಂಬ ಬಿಳಿ ಬಟ್ಟೆ ಇಳಿಬಿಟ್ಟಿದ್ದರು. ಎಡಗಡೆ ಹೊರಬಾಗಿಲಿನ ಹಸಿರು ಬೋರ್ಡ್, ಅದರ ಮೇಲಿನ ಲೈಟ್, ಎರಡೂ ಬಟ್ಟೆಯ ಹಿಂದೆ. ಬಾಗಿಲೇ ಕಾಣುತ್ತಿರಲಿಲ್ಲ. ಆ ಹುಡುಗರಿಗೆ ಅದು ಏನೆಂದು ಯಾರೂ ಹೇಳಿರಲಿಲ್ಲ. ಹೇಳಿದ ಮೇಲೆ ಐದು ನಿಮಿಷದಲ್ಲಿ ಬಟ್ಟೆ ಎತ್ತಿ ಕಟ್ಟಿ, ಬಾಗಿಲ ಸುತ್ತ ಹೂವಿನ ಚೌಕಟ್ಟು ಮಾಡಿಕೊಟ್ಟರು, ಮೊದಲಿಗಿಂತ ಚೆಂದ ಕಂಡಿತು. ಈಗ ಬುಕ್ಕಿಂಗ್ ಫಾರ್ಮ್‌ನಲ್ಲೇ ಒಂದು ಸಾಲು ಸೇರಿಸಿದ್ದಾರೆ, ಯಾವ ಬಾಗಿಲು, ಯಾವ ಲೈಟ್ ಮುಚ್ಚಬಾರದು ಅಂತ.

ಮುಂದಿನ ನಿಗಾ ಕಾಕಾ ಅವರದು. ಅಮೆರಿಕದ ಜೀವ ರಕ್ಷಣಾ ಸಂಹಿತೆ ಎನ್‌ಎಫ್‌ಪಿಎ 101ರಲ್ಲಿ ತಿಂಗಳಿಗೊಮ್ಮೆ 30 ಸೆಕೆಂಡ್, ವರ್ಷಕ್ಕೊಮ್ಮೆ ಪೂರ್ತಿ 90 ನಿಮಿಷ ಪರೀಕ್ಷೆ ಮಾಡಬೇಕೆಂದಿದೆ, ಅದೇ ಕ್ರಮ ಇಲ್ಲೂ ಇಟ್ಟುಕೊಳ್ಳೋಣ ಎಂದೆ. ತಾರೀಖು ನೆನಪಿರುವುದಿಲ್ಲ ಎಂದು ಕಾಕಾ ಹೇಳಿದರು. ಅವರೇ ದಾರಿಯನ್ನೂ ತೋರಿಸಿದರು: "ಅಮಾಸಿ ದಿನ ಜನರೇಟರ್ ಪೂಜಾ ಮಾಡ್ತೀನಲ್ರೀ, ಕಾಯಿ ಒಡದು ಹಂಗ ಒಂದೊಂದ ಎಂಸಿಬಿ ಇಳಿಸಿ ಲೈಟೂ ನೋಡಿಬಿಡ್ತೀನಿ." ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನನಗೆ ಹೊಳೆದಿರಲಿಲ್ಲ. ಅಮಾವಾಸ್ಯೆ ತಪ್ಪದೆ ಬರುತ್ತದೆ, ಹಾಲ್ ಸಾಮಾನ್ಯವಾಗಿ ಖಾಲಿ ಇರುತ್ತದೆ. 90 ನಿಮಿಷದ ಪರೀಕ್ಷೆಗೆ ಆಷಾಢ. ಬ್ಯಾಟರಿ ಪೂರ್ತಿ ಇಳಿದರೆ ಮತ್ತೆ ತುಂಬಲು 24 ಗಂಟೆ ಬೇಕು, ಮದುವೆಯ ಹಿಂದಿನ ದಿನ ಆ ಪರೀಕ್ಷೆ ಮಾಡುವ ಹಾಗಿಲ್ಲ. ಆಷಾಢದಲ್ಲಿ ಆ ಚಿಂತೆ ಇಲ್ಲ.

ಈ ಆಷಾಢದಲ್ಲಿ ಮೊದಲ ಪೂರ್ತಿ ಪರೀಕ್ಷೆ ಆಯಿತು. 23 ಲೈಟ್ 90 ನಿಮಿಷ ದಾಟಿದವು. ಎರಡನೇ ಮಹಡಿಯ ಒಂದು ಲೈಟ್ 71ನೇ ನಿಮಿಷಕ್ಕೆ ಆರಿತು, ಹೊಸದೇ. ಕಾಕಾ ಅದರ ನಂಬರ್ ವಹಿಯಲ್ಲಿ ಬರೆದು ಕೆಂಪು ಗೆರೆ ಎಳೆದಿದ್ದರು. ಗ್ಯಾರಂಟಿಯಲ್ಲಿ ಬದಲಾಯಿಸಿ ಕೊಟ್ಟರು.

ಹಿಂದಿನ ಗೇಟ್ ಮಾತ್ರ ಇನ್ನೂ ಆಗಿಲ್ಲ. ಒಳಗಿನಿಂದ ತಳ್ಳಿದರೆ ಹೊರಕ್ಕೆ ತೆರೆಯುವ, ಹೊರಗಿನಿಂದ ತೆಗೆಯಲಾಗದ ಬಾಗಿಲು ಹಾಕಿಸಿ ಎಂದು ಬರೆದುಕೊಟ್ಟಿದ್ದೇನೆ, ಅದರಿಂದ ಪಾತ್ರೆಯ ಚಿಂತೆಯೂ ತೀರುತ್ತದೆ. ಅಲ್ಲಿವರೆಗೆ ಕಾರ್ಯಕ್ರಮ ಇರುವ ದಿನ ಕಾಕಾ ಬೆಳಿಗ್ಗೆಯೇ ಬೀಗ ತೆಗೆದು ಮ್ಯಾನೇಜರ್ ಮೇಜಿನ ಮೇಲೆ ತಂದಿಡುತ್ತಾರೆ. ಶ್ರಾವಣದ ಮೊದಲ ಮದುವೆಗೆ ಮುಂಚೆ ಬಾಗಿಲು ಕೂರಿಸುತ್ತೇನೆ ಎಂದು ಮಾಲೀಕರು ಹೇಳಿದ್ದಾರೆ. ಆ ರಾತ್ರಿ ಮೇನ್ ಆಫ್ ಮಾಡಿ, 12ನೇ ರೂಮಿನಿಂದ ಮ್ಯಾನೇಜರ್ ಮತ್ತೊಮ್ಮೆ ನಡೆದು ಬರಬೇಕು ಎಂದು ಮಾತಾಗಿದೆ.